ಅಜ್ಜನ ಕಿರ್ದಿಯಲ್ಲಿ ಎರಡು ತಂಡಗಳು

ನಮ್ಮ ಕಾಲೇಜಿನ ಬಯಲಿನ ಮೂಲೆಯಲ್ಲಿ ಒಂದು ಬಾಸ್ಕೆಟ್‌ಬಾಲ್ ಅಂಕಣವುಂಟು. ಎರಡು ಕಂಬಗಳಲ್ಲಿ ಒಂದರ ಬಳೆಗೆ ಬಲೆಯಿಲ್ಲ. ಚೆಂಡು ಒಳಗೆ ಬಿದ್ದಿತೋ ಹೊರಗೆ ಹೋಯಿತೋ ಎಂಬುದನ್ನು ಹುಡುಗರು ಜಗಳವಾಡಿಯೇ ತೀರ್ಮಾನಿಸಿಕೊಳ್ಳಬೇಕು. ಕಳೆದ ಆಷಾಢದ ಒಂದು ಸಂಜೆ, ಮಳೆ ಬರುವ ಹಾಗೆ ಮಾಡಿ ಬಾರದೆ ಹೋದ ಹೊತ್ತಿನಲ್ಲಿ, ಆ ಕಂಬದ ಬುಡದಲ್ಲಿ ಐದಾರು ಹುಡುಗರು ಕುಳಿತು ಬಿಸಿಯಾಗಿ ವಾದಿಸುತ್ತಿದ್ದರು. ವಿಷಯ ಅಮೆರಿಕದ್ದು. ಅಲ್ಲಿಯ ಎರಡು ತಂಡಗಳು ತಮ್ಮ ಆಟಗಾರರಲ್ಲಿ ಕೆಲವರನ್ನು ಬಿಟ್ಟುಕೊಟ್ಟು ಬೇರೆ ಕೆಲವರನ್ನು ಕೊಂಡಿದ್ದುವಂತೆ. ಹೋದವರು ಯಾರು, ಬಂದವರು ಯಾರು, ಬರುವ ವರ್ಷದ ಕಿರೀಟ ಯಾರಿಗೆ? ಪಂಪನ ಪದ್ಯವನ್ನು ಎರಡು ಸಲ ಓದಿಸಿದರೂ ನೆನಪಿಟ್ಟುಕೊಳ್ಳದ ಹುಡುಗನೊಬ್ಬ ಇಪ್ಪತ್ತು ಮಂದಿ ಆಟಗಾರರ ಎತ್ತರ, ವಯಸ್ಸು, ಗಾಯಗಳ ಸಮೇತ ಒಪ್ಪಿಸುತ್ತಿದ್ದ. ನನ್ನನ್ನು ಕಂಡವನೇ, "ಸರ್, ನೀವ ಹೇಳ್ರಿ, ಹೊಸಬರು ಬಂದ ಮ್ಯಾಲ ಯಾರ ಕೈ ಮ್ಯಾಲ?" ಎಂದ.

ಕನ್ನಡದ ಮೇಷ್ಟರಿಗೆ ಇಂಥ ಪ್ರಶ್ನೆ ಹೊರೆಯೇ ಸರಿ. ಆದರೆ ಒಂದು ಹಳೆಯ ಕಥೆ ನನಗೆ ತಿಳಿದಿತ್ತು, ಅದನ್ನೇ ಹೇಳಿದೆ. 1957ರಿಂದ 1969ರವರೆಗಿನ ಹದಿಮೂರು ವರ್ಷಗಳಲ್ಲಿ ಬಾಸ್ಟನ್ನಿನ ಸೆಲ್ಟಿಕ್ಸ್ ತಂಡ ಹನ್ನೊಂದು ಸಲ ಗೆದ್ದಿತು. ಲಾಸ್ ಏಂಜಲಿಸ್‌ನ ಲೇಕರ್ಸ್ ತಂಡ ಅವರೆದುರು ಸೋತು ಸೋತು ಸುಸ್ತಾಗಿ 1968ರಲ್ಲಿ ವಿಲ್ಟ್ ಚೇಂಬರ್ಲೇನ್ ಎಂಬ ಭೀಮಕಾಯನನ್ನು ತಂದು ಸೇರಿಸಿಕೊಂಡಿತು. ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್ ಆಗಲೇ ಅಲ್ಲಿದ್ದರು. ಸೆಲ್ಟಿಕ್ಸ್‌ನಲ್ಲಿಯೋ ಹಳಬರು ಒಬ್ಬೊಬ್ಬರಾಗಿ ಬಿಟ್ಟಿದ್ದರು. ಬಿಲ್ ರಸಲ್ ತಾನೇ ಆಟಗಾರ, ತಾನೇ ಶಿಕ್ಷಕನಾಗಿ ಕೊನೆಯ ವರ್ಷ ಎಳೆಯುತ್ತಿದ್ದ. ತಂಡ ತನ್ನ ವಿಭಾಗದಲ್ಲಿ ನಾಲ್ಕನೆಯದಾಗಿ ಮುಗಿಸಿತ್ತು. ಕಾಗದದ ಮೇಲೆ ಎಣಿಸಿದರೆ ಲೇಕರ್ಸ್‌ಗೆ ಗೆಲವು ಕಟ್ಟಿಟ್ಟ ಬುತ್ತಿ. ಅಂತಿಮ ಸುತ್ತಿನ ಏಳನೆಯ ಪಂದ್ಯದ ದಿನ ಅವರ ಒಡೆಯ ಸಭಾಂಗಣದ ಮಾಡಿಗೆ ಬಲೂನುಗಳ ಬಲೆಯನ್ನೇ ಕಟ್ಟಿಸಿದ್ದನಂತೆ, ಗೆದ್ದ ಕೂಡಲೇ ಸುರಿಸುವುದಕ್ಕೆ. ಬಲೂನು ಕೆಳಗಿಳಿಯಲಿಲ್ಲ; 108ಕ್ಕೆ 106ರಿಂದ ಸೆಲ್ಟಿಕ್ಸ್ ಗೆದ್ದಿತು.

ಹುಡುಗರು ನಕ್ಕರು. ನಾನು ಮನೆಗೆ ಬಂದು, ಹಲವು ವರ್ಷಗಳಿಂದ ಮುಟ್ಟದಿದ್ದ ಒಂದು ಕಿರ್ದಿ ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದೆ. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ನನ್ನ ಊರು ಐರಣಿ. ರಾಣೇಬೆನ್ನೂರು ತಾಲೂಕು, ತುಂಗಭದ್ರೆಯ ದಂಡೆ. ಹಾಳುಬಿದ್ದ ಒಂದು ಕೋಟೆ, ಹೊಳೆಮಠ, ಕುರಿ, ಹತ್ತಿ, ಈಚೆಗೆ ಮೆಕ್ಕೆಜೋಳ. ನಮ್ಮ ಅಜ್ಜ ರಾಣೇಬೆನ್ನೂರಿನ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಹುಡುಗನಾಗಿದ್ದಾಗ ನಾಲ್ಕು ವರ್ಷ ಮುಂಬಯಿಯ ಹತ್ತಿ ಪೇಢಿಯಲ್ಲಿದ್ದು ಬಂದವನು. ವಿಜಯ ಮರ್ಚೆಂಟ್ ಆಡುವುದನ್ನು ಕಣ್ಣಾರೆ ಕಂಡವನು. ಆತನ ಕಿರ್ದಿಯ ಕೊನೆಯ ಹಾಳೆಯಲ್ಲಿ, ಹತ್ತಿಯ ಅಂಡಿಗೆಗಳ ಲೆಕ್ಕ ಮುಗಿದ ಮೇಲೆ, ಎರಡು ಪಟ್ಟಿಗಳಿವೆ. ಎಡಕ್ಕೆ ಮುಂಬಯಿ, ಬಲಕ್ಕೆ ಮೈಸೂರು. ಮೈಸೂರು ಎಂಬುದರ ಮೇಲೆ ಗೆರೆಯೆಳೆದು ಬೇರೆ ಅಕ್ಷರದಲ್ಲಿ ಕರ್ನಾಟಕ ಎಂದು ಬರೆದಿದೆ. ಆ ಅಕ್ಷರ ಅಪ್ಪನದು. ತಿಂಗಳು 1974ರ ಮಾರ್ಚ್. ಜಮಾ ಖರ್ಚು ಹಾಕುವ ರೀತಿಯಲ್ಲಿಯೇ ಪ್ರತಿಯೊಂದು ತಂಡದ ಕೆಳಗೂ "ಹೋದವರು", "ಬಂದವರು" ಎಂಬ ಎರಡು ಕಲಮುಗಳು. ಆ ತಿಂಗಳು ಬೆಂಗಳೂರಿನಲ್ಲಿ ನಡೆಯಲಿದ್ದ ರಣಜಿ ಟ್ರೋಫಿಯ ಉಪಾಂತ್ಯ ಪಂದ್ಯಕ್ಕೆ ತಂದೆ ಮಗ ಕೂಡಿ ಹಾಕಿದ ಲೆಕ್ಕ ಅದು.

ಈ ಲೆಕ್ಕ ಅರ್ಥವಾಗಬೇಕಾದರೆ ಹೊಳೆಯ ವಿಷಯ ಹೇಳಬೇಕು. ಐರಣಿಯ ದಂಡೆಯಲ್ಲಿ ನಿಂತು ಆಚೆ ನೋಡಿದರೆ ಕಾಣುವುದು ಹರಿಹರದ ಸೀಮೆ. 1956ರ ನವೆಂಬರ್ 1ರವರೆಗೆ ಆಚೆಯ ದಂಡೆ ಮೈಸೂರು, ಈಚೆಯ ದಂಡೆ ಮುಂಬಯಿ. ನೀರು ಒಂದೇ, ಮಾತು ಒಂದೇ, ಹೆಣ್ಣು ಕೊಟ್ಟು ತರುವುದೂ ಇತ್ತು. ಕಚೇರಿ ಮಾತ್ರ ಬೇರೆ, ಶಾಲೆಯ ಪಠ್ಯ ಬೇರೆ. ಈ ಹೊಳೆ ಗಡಿಯಾಗಿ ಸೈನ್ಯಗಳನ್ನೂ ಕಂಡಿದೆ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಕರ್ನಲ್ ವೆಲ್ಲೆಸ್ಲಿ ಇದನ್ನು ದಾಟಿಯೇ ರಾಣೇಬೆನ್ನೂರನ್ನು ಹಿಡಿದನು. ಅದು ಬೇರೆಯ ಕಥೆ.

ಅಜ್ಜ ಏಕೀಕರಣದ ಮನುಷ್ಯ. 1953ರ ಏಪ್ರಿಲಿನಲ್ಲಿ, ಅದರಗುಂಚಿ ಶಂಕರಗೌಡರು ಉಪವಾಸ ಕುಳಿತಿದ್ದ ಕಾಲದಲ್ಲಿ, ಹುಬ್ಬಳ್ಳಿಯಲ್ಲಿ ಸೇರಿದ ಜನಸಾಗರದಲ್ಲಿ ಆತನೂ ಒಬ್ಬ. ಓಡುವಾಗ ಕಳೆದುಕೊಂಡ ಚಪ್ಪಲಿಯ ಮಾತನ್ನು ಸಾಯುವವರೆಗೂ ಹೇಳುತ್ತಿದ್ದ. ಆದರೆ ಒಂದಾದ ನಾಡಿಗೆ ಮೈಸೂರು ಎಂಬ ಹೆಸರೇ ಉಳಿದಾಗ ಈಚೆ ದಂಡೆಯ ಅನೇಕರಂತೆ ಆತನಿಗೂ ಬಾಯಿ ಕಹಿಯಾಯಿತು. ಕೂಡಿ ಬಾಳಲು ಹೊರಟು ಬೀಗರ ಮನೆಯಲ್ಲಿ ಉಳಿದ ಹಾಗೆ, ಎನ್ನುತ್ತಿದ್ದ. ಅಂದಾನಪ್ಪ ದೊಡ್ಡಮೇಟಿಯವರಂಥವರು ಕರ್ನಾಟಕವೆಂಬ ಹೆಸರಿಗಾಗಿ ವರ್ಷಗಟ್ಟಲೆ ಕೂಗಿದರು. ಹೆಸರು ಬದಲಾದುದು 1973ರ ನವೆಂಬರ್ 1ಕ್ಕೆ, ದೇವರಾಜ ಅರಸರ ಕಾಲದಲ್ಲಿ. ಆ ಋತುವಿನ ಕ್ರಿಕೆಟ್ ಪಟ್ಟಿಯಲ್ಲಿಯೂ ಮೈಸೂರು ಹೋಗಿ ಕರ್ನಾಟಕ ಬಂದಿತು. ತಂಡಗಳಲ್ಲಿ ಆಟಗಾರರು ಬದಲಾಗುವುದುಂಟು. ಇಲ್ಲಿ ತಂಡದ ಹೆಸರೇ ಬದಲಾಗಿತ್ತು.

ಇನ್ನು ಲೆಕ್ಕಕ್ಕೆ ಬರೋಣ. ಮುಂಬಯಿಯ ಕಲಮನ್ನು ಅಜ್ಜ ಗರ್ವದಿಂದ ತುಂಬಿದ್ದಾನೆ. "ಹೋದವರು" ಎಂಬಲ್ಲಿ ಉಮ್ರಿಗರ್, ನಾಡಕರ್ಣಿ, ರಮಾಕಾಂತ ದೇಸಾಯಿ. ಕೊನೆಗೆ ಆಗ ತಾನೇ ನಿವೃತ್ತನಾದ ದಿಲೀಪ ಸರ್ದೇಸಾಯಿ. ಸಣ್ಣ ಪಟ್ಟಿಯೇನಲ್ಲ, ಬೇರೆ ಯಾವ ತಂಡವೇ ಆಗಲಿ, ಇಷ್ಟು ಮಂದಿ ಹೋದ ಮೇಲೆ ಎದ್ದೇಳುವುದು ಕಷ್ಟ. ಆದರೆ ಇವರಲ್ಲಿ ಒಬ್ಬೊಬ್ಬರು ಹೋದಾಗಲೂ ಮುಂಬಯಿ ಗೆಲ್ಲುತ್ತಲೇ ಇತ್ತು. 1958-59ರಿಂದ 1972-73ರವರೆಗೆ ಎಡೆಬಿಡದೆ ಹದಿನೈದು ವರ್ಷ ರಣಜಿ ಟ್ರೋಫಿ ಅವರದೇ. ಹದಿನೈದನೆಯ ಸಲ ಮದರಾಸಿನಲ್ಲಿ ತಮಿಳುನಾಡನ್ನು ಸೋಲಿಸಿದಾಗ ಪದ್ಮಾಕರ ಶಿವಲ್ಕರ್ ಒಂದು ಇನ್ನಿಂಗ್ಸಿನಲ್ಲಿ 16 ಓಟಗಳಿಗೆ 8 ವಿಕೆಟ್ ಕಿತ್ತಿದ್ದ. "ಇದ್ದವರು" ಎಂದು ಅಜ್ಜ ಬರೆದ ಹೆಸರುಗಳು: ವಾಡೇಕರ್, ಗವಾಸ್ಕರ್, ಅಶೋಕ ಮಂಕಡ್, ಸೋಲ್ಕರ್, ಶಿವಲ್ಕರ್, ಅಬ್ದುಲ್ ಇಸ್ಮಾಯಿಲ್. ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿ "ಓವಲ್ 6ಕ್ಕೆ 2" ಎಂದಿದೆ. ಇದರ ಅರ್ಥವನ್ನು ಬಿಡಿಸುವುದಕ್ಕೆ ನನಗೆ ಕೊಂಚ ಹೊತ್ತು ಹಿಡಿಯಿತು. 1971ರ ಆಗಸ್ಟಿನಲ್ಲಿ ಓವಲ್‌ನಲ್ಲಿ ಇಂಗ್ಲೆಂಡನ್ನು ಸೋಲಿಸಿದ ಭಾರತದ ಹನ್ನೊಂದು ಮಂದಿಯಲ್ಲಿ ಗವಾಸ್ಕರ್, ಮಂಕಡ್, ವಾಡೇಕರ್, ಸರ್ದೇಸಾಯಿ, ಸೋಲ್ಕರ್, ಇಂಜಿನಿಯರ್ ಹೀಗೆ ಆರು ಮಂದಿ ಮುಂಬಯಿಯವರು; ನಮ್ಮ ಕಡೆಯವರು ವಿಶ್ವನಾಥ್ ಮತ್ತು ಚಂದ್ರಶೇಖರ್, ಇಬ್ಬರೇ. ಆ ಗೆಲುವಿಗೆ ದಾರಿ ಮಾಡಿದ್ದು ಚಂದ್ರಶೇಖರರು 38 ಓಟಗಳಿಗೆ ಕಿತ್ತ 6 ವಿಕೆಟ್ಟುಗಳೆಂಬುದನ್ನು ಅಜ್ಜ ಬರೆದಿಲ್ಲ. ಅಪ್ಪ ಪಕ್ಕದಲ್ಲಿ ಬರೆದಿದ್ದಾನೆ.

ಮುಂಬಯಿ ಹೀಗೆ ಗೆಲ್ಲುತ್ತಿದ್ದುದು ಏತರಿಂದ? ಅಜ್ಜನ ಮಾತನ್ನು ಅಪ್ಪ ನನಗೆ ಹಲವು ಸಲ ಹೇಳಿದ್ದಾನೆ. "ತಮ್ಮಾ, ಹೋದವರ ಹೆಸರು ನೋಡಿ ಖುಷಿ ಪಡಬ್ಯಾಡ. ಮುಂಬಯಿ ಅನ್ನೂದು ಬಾವಿ ಇದ್ದಂಗ. ಒಂದ ಕೊಡ ಸೇದಿದರ ನೀರು ಕಡಿಮಿ ಆಗೂದಿಲ್ಲ." ಈ ಮಾತಿನಲ್ಲಿ ಇತಿಹಾಸವಿದೆ. ಅಲ್ಲಿಯ ಮೈದಾನಗಳಲ್ಲಿ 1948ರಿಂದ ಕಾಂಗಾ ಲೀಗ್ ಎಂಬ ಪಂದ್ಯಾವಳಿ ಮಳೆಗಾಲದಲ್ಲಿಯೇ ನಡೆಯುತ್ತ ಬಂದಿದೆ. ಒದ್ದೆ ನೆಲ, ಏಳುವ ಚೆಂಡು, ಮೊಣಕಾಲವರೆಗೆ ಬೆಳೆದ ಹುಲ್ಲು; ಅಲ್ಲಿ ನಿಂತು ಆಡಿದವನಿಗೆ ಒಣ ನೆಲದ ಆಟ ಸುಲಭ. ಟೆಸ್ಟ್ ಆಡಿದವರೂ ಶಾಲೆಯ ಹುಡುಗರೂ ಒಂದೇ ಮೈದಾನದಲ್ಲಿ ಸೇರುತ್ತಿದ್ದರು. ಕಂಪನಿಗಳು ಆಟಗಾರರಿಗೆ ನೌಕರಿ ಕೊಡುತ್ತಿದ್ದವು. ಆದುದರಿಂದ ಮುಂಬಯಿ ತಂಡವೆಂದರೆ ಹನ್ನೊಂದು ಮಂದಿಯಲ್ಲ, ಅವರ ಹಿಂದೆ ಸಾಲುಗಟ್ಟಿ ನಿಂತ ನೂರಾರು ಮಂದಿ. ಒಬ್ಬ ಹೋದರೆ ಸಾಲು ಒಂದು ಹೆಜ್ಜೆ ಮುಂದೆ ಸರಿಯುತ್ತದೆ, ಅಷ್ಟೇ.

ಮೈಸೂರಿನ ಕಥೆ ಹೀಗಲ್ಲ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ ಗೌರವ ಈ ತಂಡಕ್ಕುಂಟು: 1934ರ ನವೆಂಬರ್ 4ರಂದು, ಮದರಾಸಿನ ವಿರುದ್ಧ, ಚೇಪಾಕಿನಲ್ಲಿ. ಆದರೆ ಗೌರವ ಸಂಜೆಯವರೆಗೂ ಉಳಿಯಲಿಲ್ಲ. ಪಂದ್ಯ ಒಂದೇ ದಿನದಲ್ಲಿ ಮುಗಿದು ಮೈಸೂರು ಒಂದು ಇನ್ನಿಂಗ್ಸ್ ಅಂತರದಿಂದ ಸೋತಿತು. 1941-42ರಲ್ಲಿ ಅಂತಿಮ ಪಂದ್ಯಕ್ಕೆ ಏರಿ ಮುಂಬಯಿಯ ಎದುರು ಇನ್ನಿಂಗ್ಸ್ ಮತ್ತು 281 ಓಟಗಳಿಂದ ಸೋಲು. 1959-60ರಲ್ಲಿ ಮತ್ತೆ ಏರಿ ಅದೇ ಮುಂಬಯಿಗೆ ಇನ್ನಿಂಗ್ಸ್ ಮತ್ತು 22 ಓಟಗಳಿಂದ ಸೋಲು. ಒಂದು ತಂಡ ದಕ್ಷಿಣ ವಲಯದ್ದು, ಇನ್ನೊಂದು ಪಶ್ಚಿಮ ವಲಯದ್ದು; ಕೊನೆಯ ಸುತ್ತುಗಳಿಗೆ ಬಂದರೆ ಮಾತ್ರ ಭೇಟಿ. ಭೇಟಿಯಾದಾಗಲೆಲ್ಲ ಇದೇ ಹಾಡು. 1960ರಲ್ಲಿ, ಐರಣಿ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕನೆಯ ವರ್ಷ, ಮುಂಬಯಿ ಗೆದ್ದ ಸುದ್ದಿ ಬಂದಾಗ ಅಜ್ಜ ಹಿಗ್ಗಲೂ ಇಲ್ಲವಂತೆ, ಕುಗ್ಗಲೂ ಇಲ್ಲವಂತೆ. "ಎರಡೂ ನಮ್ಮವಲ್ಲ," ಎಂದು ಅಂಗಡಿಗೆ ಹೋದನಂತೆ. ಮುಂಬಯಿ ತಂಡ ಮುಂಬಯಿ ಪಟ್ಟಣದವರದು, ಧಾರವಾಡ ಜಿಲ್ಲೆಯವರದಲ್ಲ ಎಂಬುದನ್ನು ಆತನೂ ಬಲ್ಲ.

ಈಗ ಬಲಗಡೆಯ ಕಲಮು. "ಹೋದವರು": ಸುಬ್ರಹ್ಮಣ್ಯ, ಕುಂದರನ್. ನಾಯಕನೊಬ್ಬ, ವಿಕೆಟ್ಟಿನ ಹಿಂದೆ ನಿಂತು ಆಮೇಲೆ ಬಂದು ದಾಂಡಿನಿಂದ ಚಚ್ಚುತ್ತಿದ್ದವನೊಬ್ಬ. "ಬಂದವರು" ಎಂಬಲ್ಲಿ ಅಪ್ಪನ ಅಕ್ಷರವೇ ಹೆಚ್ಚು. ಅಪ್ಪ ಆಗ ಧಾರವಾಡದಲ್ಲಿ ಬಿ.ಎ. ಓದುತ್ತಿದ್ದ, ಓದಿಗಿಂತ ಹೆಚ್ಚಾಗಿ ಪತ್ರಿಕೆಯ ಕ್ರೀಡಾ ಪುಟವನ್ನು ಓದುತ್ತಿದ್ದ. ಆತನ ಪಟ್ಟಿಯನ್ನು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಈ ಬದಲಾವಣೆ ಒಂದು ವರ್ಷದ್ದಲ್ಲ. ಪ್ರಸನ್ನ ಬಂದುದು ಅರುವತ್ತರ ದಶಕದ ಮೊದಲಲ್ಲಿ. ನಡುವೆ ಎಂಜಿನಿಯರಿಂಗ್ ಮುಗಿಸುವುದಕ್ಕೆಂದು ಆಟ ಬಿಟ್ಟು ಮರಳಿ ಬಂದುದು ಆಮೇಲೆ. ಚಂದ್ರಶೇಖರ್, ಬಾಲ್ಯದ ಪೋಲಿಯೋದಿಂದ ಸೊರಗಿದ ಬಲಗೈಯಲ್ಲಿಯೇ ಚೆಂಡೆಸೆದವರು, 1963-64ರಲ್ಲಿ. ಭದ್ರಾವತಿಯಲ್ಲಿ ಹುಟ್ಟಿದ ವಿಶ್ವನಾಥ್ 1967ರಲ್ಲಿ ಆಂಧ್ರದ ವಿರುದ್ಧ, ತಮ್ಮ ಮೊದಲ ಪಂದ್ಯದಲ್ಲಿಯೇ 230 ಓಟ ಹೊಡೆದು. ಅದೇ ಋತುವಿನಲ್ಲಿ ಕಿರ್ಮಾನಿ. ಎರಡು ವರ್ಷದ ಮೇಲೆ ಬ್ರಿಜೇಶ್ ಪಟೇಲ್. ಮುಂಬಯಿಯಲ್ಲಿ ಸಾಲು ಮುಂದೆ ಸರಿಯುತ್ತದೆ. ಇಲ್ಲಿ ಒಬ್ಬೊಬ್ಬ ತನ್ನ ದಾರಿಯಲ್ಲಿ ತಾನು ಬಂದು, ಹತ್ತು ವರ್ಷಕ್ಕೆ ಒಂದು ಕಟ್ಟೆ ಕಟ್ಟಿದ ಹಾಗಾಯಿತು. ಅದು ಪೂರ್ತಿಯಾದುದು 1974ರ ಹೊತ್ತಿಗೆ ಎಂದು ಆಗ ಯಾರಿಗೂ ಕಾಣಲಿಲ್ಲ.

ಅಪ್ಪ ಅಡಿಗೆರೆ ಎಳೆದು ಬರೆದ ಇನ್ನೊಂದು ಮಾತುಂಟು: "ಈ ವರ್ಷ ಟೆಸ್ಟ್ ಇಲ್ಲ." ಇದನ್ನು ಕಂಡು ನಾನು ಆತನ ಬುದ್ಧಿಗೆ ತಲೆದೂಗಿದೆ. 1973ರ ಫೆಬ್ರುವರಿಯಲ್ಲಿ ಇಂಗ್ಲೆಂಡ್ ತಂಡದೊಡನೆ ಸರಣಿ ಮುಗಿದ ಮೇಲೆ ಭಾರತಕ್ಕೆ ಮುಂದಿನ ಟೆಸ್ಟ್ ಇದ್ದುದು 1974ರ ಜೂನಿನಲ್ಲಿ. ನಡುವಿನ ಚಳಿಗಾಲದಲ್ಲಿ ನಾಡಿನ ತಂಡಗಳಿಗೆ ತಮ್ಮ ದೊಡ್ಡ ಆಟಗಾರರು ದೊರೆತರು. ಇದರಿಂದ ಯಾರಿಗೆ ಲಾಭ? ದೊಡ್ಡವರು ಇಲ್ಲದಿದ್ದರೂ ಗೆಲ್ಲಬಲ್ಲ ಮುಂಬಯಿಗೆ ಇದು ಸಕ್ಕರೆಯ ಮೇಲೆ ಸಕ್ಕರೆ. ಅವರಿಲ್ಲದೆ ನಡೆಯದ ಕರ್ನಾಟಕಕ್ಕೆ ಇದೇ ಉಪ್ಪು. ಯಾವ ತಂಡ ತನ್ನ ನಾಲ್ಕೈದು ಮಂದಿಯ ಮೇಲೆ ನಿಂತಿದೆಯೋ ಅದಕ್ಕೆ ಪೂರ್ಣಬಲದ ಪಂದ್ಯವೇ ಬೇಕು. ಆಟಗಾರರ ಬದಲಾವಣೆಯನ್ನು ಕುರಿತು ಇಂದು ವಾದಿಸುವ ನನ್ನ ಹುಡುಗರು ಈ ಒಂದು ಎಳೆಯನ್ನು ಬಿಟ್ಟುಬಿಡುತ್ತಾರೆ: ಯಾರು ಬಂದರು ಎಂಬುದರಷ್ಟೇ, ಬಂದವರು ಆ ದಿನ ಅಂಕಣದಲ್ಲಿ ಇರುತ್ತಾರೋ ಎಂಬುದೂ ಮುಖ್ಯ.

ಆದರೂ ಅಜ್ಜನ ತೀರ್ಮಾನ ಕೆಳಗೆ ಸ್ಪಷ್ಟವಾಗಿದೆ: ಮುಂಬಯಿ ಹನ್ನೆರಡಾಣೆ, ಮೈಸೂರು ನಾಲ್ಕಾಣೆ. ಬಾವಿಯ ಮಾತು ಬಂದುದು ಆಗಲೇ. ಅಪ್ಪ, "ಬ್ಯಾಸಿಗ್ಯಾಗ ಬಾವೀನೂ ಬತ್ತತಾವ, ಅಪ್ಪಾ," ಎಂದನಂತೆ. ಅಜ್ಜ ಪೆನ್ಸಿಲ್ ಕೆಳಗಿಟ್ಟು, "ಹೆಸರು ಬದಲಾದರ ಆಟ ಬದಲಾಗತೈತೇನ?" ಎಂದು ಕೇಳಿದನಂತೆ. ಅಪ್ಪ ಉತ್ತರ ಕೊಡದೆ ಮೈಸೂರಿನ ಮೇಲೆ ಗೆರೆ ಎಳೆದದ್ದು ಆ ಗಳಿಗೆಯಲ್ಲಿ. ಹೆಸರಿಗಾಗಿ ಇಪ್ಪತ್ತು ವರ್ಷ ಹಂಬಲಿಸಿದವನ ಪುಸ್ತಕದಲ್ಲಿ ಆ ಹೆಸರನ್ನು ಮಗ ಬರೆಯಬೇಕಾಯಿತು. ಅಜ್ಜನಿಗೆ ಸಿಟ್ಟು ಬಂದಿತು ಎಂದು ಅಪ್ಪ ಹೇಳುತ್ತಾನೆ. ಅಜ್ಜಿ ಹೇಳುತ್ತಿದ್ದುದು ಬೇರೆ. ಆ ರಾತ್ರಿ ಅಜ್ಜ ಕಂದೀಲು ಹಚ್ಚಿ ಆ ಹಾಳೆಯನ್ನು ಇನ್ನೊಮ್ಮೆ ನೋಡಿದನಂತೆ.

ಪಂದ್ಯದ ವಿವರವನ್ನು ನಾನು ಬೆಳೆಸುವುದಿಲ್ಲ, ಬಲ್ಲವರು ಬಲ್ಲರು. ಕರ್ನಾಟಕ ಮೊದಲು ಆಡಿ 385 ಓಟ ಗಳಿಸಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಪಂದ್ಯ ಪೂರ್ತಿಯಾಗದಿದ್ದರೆ ಮೊದಲ ಇನ್ನಿಂಗ್ಸಿನಲ್ಲಿ ಮುಂದಿದ್ದವರಿಗೇ ಗೆಲುವೆಂಬ ಕಟ್ಟಳೆಯಿದ್ದುದರಿಂದ ಈ 385ನ್ನು ದಾಟುವುದೇ ಮುಂಬಯಿಗೆ ಯುದ್ಧ. ಪ್ರಸನ್ನ ನಾಯಕ, ಅವರ ಚೆಂಡೊಂದಕ್ಕೆ ಗವಾಸ್ಕರರ ಗೂಟ ಉರುಳಿತು. ಆ ಚೆಂಡಿನ ವರ್ಣನೆಯನ್ನು ಅಪ್ಪ ಇಂದಿಗೂ ತಾನೇ ಎಸೆದವನ ಹಾಗೆ ಕೈ ತಿರುಗಿಸಿ ಮಾಡುತ್ತಾನೆ, ಆತ ಆ ದಿನ ಬೆಂಗಳೂರಿಗೆ ಹೋಗಿರಲೇ ಇಲ್ಲ. ಆದರೂ ವಾಡೇಕರ್ ನಿಂತಿರುವವರೆಗೆ ಮುಂಬಯಿಗೆ ಭಯವಿರಲಿಲ್ಲ. ಭಾರತದ ನಾಯಕ, ತಾಳ್ಮೆಯ ಆಟಗಾರ. ಓಟದ ನಡುವೆ ಕಾಲು ಜಾರಿ ಬಿದ್ದು ರನೌಟಾದರು. ಚಂದ್ರಶೇಖರ್, ಪ್ರಸನ್ನ ಇಬ್ಬರೂ ಉಳಿದವರನ್ನು ನೋಡಿಕೊಂಡರು. ಮುಂಬಯಿ 307. ಹದಿನೈದು ವರ್ಷಗಳ ಓಟ ನಿಂತಿತು. ಕರ್ನಾಟಕ ಮುಂದೆ ಜಯಪುರದಲ್ಲಿ ರಾಜಸ್ಥಾನವನ್ನು 185 ಓಟಗಳಿಂದ ಸೋಲಿಸಿ ಮೊದಲ ಬಾರಿಗೆ ಟ್ರೋಫಿ ಎತ್ತಿತು. ಹೊಸ ಹೆಸರಿಗೆ ಆಗ ಇನ್ನೂ ಐದು ತಿಂಗಳು.

ಹುಬ್ಬಳ್ಳಿಯ ಪತ್ರಿಕೆ ಐರಣಿಗೆ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಅಜ್ಜ ಓದಿ ಮಡಿಚಿ ಇಟ್ಟು, ಕಿರ್ದಿ ತೆಗೆದು, ಮುಂಬಯಿಯ ಕಲಮಿನ ಅಡಿಯಲ್ಲಿ 307, ಇನ್ನೊಂದರ ಅಡಿಯಲ್ಲಿ 385 ಎಂದು ಬರೆದ. ಅದರ ಕೆಳಗೆ: "ವಾಡೇಕರ ಜಾರಿದ." ಸಾಯುವವರೆಗೆ ಆತನ ವಾದ ಇದೇ. ಹನ್ನೆರಡಾಣೆಯ ಲೆಕ್ಕ ತಪ್ಪಲಿಲ್ಲ, ಕಾಲು ತಪ್ಪಿತು! ಆದರೆ ಅಪ್ಪ ಎಳೆದ ಗೆರೆಯನ್ನು ಅಳಿಸಿ ಮತ್ತೆ ಮೈಸೂರು ಎಂದು ಬರೆಯಲಿಲ್ಲ.

ಆತನ ವಾದಕ್ಕೆ ಬೆಂಬಲ ಸಿಗುವುದೂ ತಡವಾಗಲಿಲ್ಲ. 1974ರ ಇಂಗ್ಲೆಂಡ್ ಪ್ರವಾಸದಲ್ಲಿ ಭಾರತ ಸೋತು ಬಂದ ಮೇಲೆ ವಾಡೇಕರ್ ಆಟ ಬಿಟ್ಟರು. ಕಿರೀಟ ಕಳೆದಿದೆ, ನಾಯಕ ಹೋಗಿದ್ದಾನೆ. ಮುಂಬಯಿಯ ಕಾಲ ಮುಗಿಯಿತೆಂದು ಎಣಿಸಿದವರು ಎಷ್ಟೋ ಮಂದಿ. ಅಪ್ಪನೂ ಎಣಿಸಿದ್ದ. 1974-75ರ ಅಂತಿಮ ಪಂದ್ಯದಲ್ಲಿ ಅದೇ ಮುಂಬಯಿ ಅದೇ ಕರ್ನಾಟಕವನ್ನು ಸೋಲಿಸಿತು. ಅಜ್ಜ ಆ ದಿನ ಮನೆಗೆ ಪೇಡೆ ತಂದ. ಯಾರ ಗೆಲುವಿಗೆ ಎಂದು ಅಜ್ಜಿ ಕೇಳಿದ್ದಕ್ಕೆ, ಬಾವಿಯಲ್ಲಿ ನೀರು ಐತಿ ಅನ್ನೂದಕ್ಕ, ಎಂದನಂತೆ. ಕರ್ನಾಟಕ 1982-83ರಲ್ಲಿ ಮುಂಬಯಿಗೇ ಹೋಗಿ ಅಂತಿಮ ಪಂದ್ಯ ಗೆದ್ದಾಗ ಮಾತ್ರ ಆತ ಪೇಡೆ ತಂದಿರಲಿಲ್ಲ; ಸುಮ್ಮನೆ ನಕ್ಕಿದ್ದ.

ಅಂದಿನಿಂದ ಈಚೆ ದಂಡೆಯ ಕಡೆಯ ಬಲವೂ ಬೆಳೆದಿದೆ. ದಿನವೂ ಬೆಳಗ್ಗೆ ಗದಗಿನಿಂದ ರೈಲು ಹತ್ತಿ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಹೋಗುತ್ತಿದ್ದ ಹುಡುಗ ಸುನೀಲ ಜೋಶಿ ಕರ್ನಾಟಕಕ್ಕೂ ಭಾರತಕ್ಕೂ ಆಡಿದರು. ಅಜ್ಜನ ಕಿರ್ದಿಯಲ್ಲಿ ಆ ಹೆಸರಿಗೆ ಜಾಗವಿರಲಿಲ್ಲ. ಅದಕ್ಕೆ ಮೊದಲೇ ಹಾಳೆ ಮುಗಿದಿತ್ತು, ಆತನೂ ಮುಗಿದಿದ್ದ.

ಹಾಳೆಯ ಬೆನ್ನಿಗೆ ಮಾತ್ರ ಇನ್ನೊಂದು ಬರಹವಿದೆ. ಈ ಸಲ ಅಜ್ಜನ ಅಕ್ಷರವಿಲ್ಲ, ಅಪ್ಪನದೇ. 2010ರ ಜನವರಿ, ಮೈಸೂರಿನ ಗಂಗೋತ್ರಿ ಬಯಲು, ಕರ್ನಾಟಕಕ್ಕೂ ಮುಂಬಯಿಗೂ ಅಂತಿಮ ಪಂದ್ಯ. ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದ. ಹೊರಡುವ ಹಿಂದಿನ ರಾತ್ರಿ ತಾನೇ ಎರಡು ಕಲಮು ಹಾಕಿದ. ಎಡಕ್ಕೆ: ತೆಂಡೂಲ್ಕರ್ ಇಲ್ಲ, ಜಹೀರ್ ಇಲ್ಲ. ಬಲಕ್ಕೆ: ದ್ರಾವಿಡ್ ಇಲ್ಲ. ಎಂಟಾಣೆ, ಎಂಟಾಣೆ. ಕೊನೆಯ ಇನ್ನಿಂಗ್ಸಿನಲ್ಲಿ ಬೇಕಾಗಿದ್ದುದು 338. ಮನೀಶ್ ಪಾಂಡೆ 144 ಓಟ ಹೊಡೆದಾಗ ಮರಗಳ ಮೇಲೆ ಕುಳಿತವರೂ ಕೂಗಿದರು. ಅಪ್ಪನ ಟೊಪ್ಪಿಗೆ ಎಲ್ಲಿಗೆ ಹಾರಿತೋ ತಿಳಿಯಲಿಲ್ಲ. ಆಮೇಲೆ ಒಂದೊಂದಾಗಿ ವಿಕೆಟ್ಟುಗಳು ಬಿದ್ದವು. 331ಕ್ಕೆ ಎಲ್ಲ ಮುಗಿಯಿತು.

ರಾಣೇಬೆನ್ನೂರಿನವರೆಗೆ ರೈಲಿನಲ್ಲಿ ಅಪ್ಪ ಮಾತನಾಡಲಿಲ್ಲ. ಹರಿಹರ ದಾಟಿ ಗಾಡಿ ಹೊಳೆಯ ಸೇತುವೆಯ ಮೇಲೆ ಸದ್ದುಮಾಡತೊಡಗಿದಾಗ ಒಮ್ಮೆ ಕಿಟಕಿಯಿಂದ ಹೊರಗೆ ನೋಡಿದ. ಬೆಳಗಾಗುತ್ತಿತ್ತು. ಮನೆಗೆ ಬಂದು ಕೈಕಾಲು ತೊಳೆದು ಕಿರ್ದಿ ತೆಗೆದ. 331 ಎಂದು ಬರೆದು, 338ರಿಂದ ಕಳೆದು, 7 ಎಂದು ಬರೆದ. ಮತ್ತೆ ಅದನ್ನು ಹೊಡೆದು, ಸೋತದ್ದು 6 ಓಟದಿಂದ ಎಂದು ತಿದ್ದಿದ. ಅದರ ಕೆಳಗೆ ಯಾರು ಜಾರಿದರೆಂದು ಬರೆಯಲು ಪೆನ್ಸಿಲ್ ಹಿಡಿದು ಬಹಳ ಹೊತ್ತು ಕುಳಿತಿದ್ದ. ಆ ಜಾಗ ಈಗಲೂ ಖಾಲಿಯಿದೆ.